ಭುಜದ ಆಪರೇಷನ್ ಆದಮೇಲೆ ಮತ್ತೆ ಶೂಟಿಂಗ್: ನನಗೆ ಕೆಲಸ ಮಾಡಿದ ಕ್ರಮ

ಕೋವಿ ಆನಿಸುವ ಬಲಭುಜದಲ್ಲೇ ರೊಟೇಟರ್ ಕಫ್ (ಭುಜದ ಕೀಲನ್ನು ಹಿಡಿದಿಡುವ ಸ್ನಾಯುಗಳು) ಹೊಲಿಗೆ ಆಗಿತ್ತು. ಸರ್ಜನ್ ಒಪ್ಪಿದ ಮೇಲೆ 12 ಬೋರ್ ಶಾಟ್‌ಗನ್ ಹಿಡಿದು ಕ್ಲೇ ಶೂಟಿಂಗ್ (ಗಾಳಿಗೆ ಹಾರಿಸಿದ ಮಣ್ಣಿನ ಬಿಲ್ಲೆಗೆ ಹೊಡೆಯುವ ಆಟ) ಶುರು ಮಾಡಿದೆ. ನಾಲ್ಕಾರು ಗುಂಡು ಹೊಡೆಯುವಷ್ಟರಲ್ಲಿ ಭುಜದ ಮುಂಭಾಗ ಚುಚ್ಚುತ್ತಿತ್ತು, ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ.

ಐಸ್ ಇಟ್ಟರೂ ಉಪಯೋಗವಾಗಲಿಲ್ಲ. ನೋವಿನ ಮಾತ್ರೆ ನುಂಗಿ ಹೊಡೆಯುವುದಂತೂ ಬೇಡವೇ ಬೇಡ, ಎಲ್ಲಿ ನಿಲ್ಲಿಸಬೇಕು ಅಂತಲೇ ಗೊತ್ತಾಗಲ್ಲ. ಬಟ್‌ಗೆ (ಭುಜಕ್ಕೆ ಆನಿಸುವ ಹಿಂದಿನ ತುದಿ) ದಪ್ಪ ರಬ್ಬರ್ ಪ್ಯಾಡ್ ಹಾಕಿಸಿದರೆ ನೋವು ಇನ್ನೂ ಜಾಸ್ತಿ ಆಯ್ತು, ಯಾಕಂದ್ರೆ ಸ್ಟಾಕ್ (ಕೋವಿಯ ಹಿಂದಿನ ಮರದ ಭಾಗ) ಉದ್ದವಾಗಿ ಬಟ್ ತೋಳಿನ ಕೀಲಿನ ಮೇಲೆ ಜಾರುತ್ತಿತ್ತು.

ಸರಿಹೋಗಿದ್ದು ಉದ್ದ ಕಡಿಮೆ ಮಾಡಿದಾಗ. ಟ್ರಿಗರ್‌ನಿಂದ ಬಟ್ ತುದಿವರೆಗೆ ಪ್ಯಾಡ್ ಸೇರಿ 14¾ ಇಂಚು ಇತ್ತು. ಕೋವಿ ರಿಪೇರಿಯವರಿಂದ ಸ್ಟಾಕಿನ ಮರ ಕೊಯ್ಯಿಸಿ, ಅದೇ ಪ್ಯಾಡ್ ಸೇರಿಸಿಯೇ 14 ಇಂಚಿಗೆ ತಂದೆ. ಈಗ ಬಟ್ ಕಾಲರ್ ಮೂಳೆಯ ಕೆಳಗಿನ ಗುಳಿಯಲ್ಲಿ ಕೂರುತ್ತದೆ, ಹೊಲಿಗೆ ಇರುವ ಕಡೆ ಒದೆಯುವುದಿಲ್ಲ. ಬಲ ಮೊಣಕೈಯನ್ನು ಭುಜದ ಮಟ್ಟಕ್ಕೆ ಎತ್ತದೆ ಸುಮಾರು 45 ಡಿಗ್ರಿಯಲ್ಲಿ ಇಳಿಬಿಡಿ, ಇದು ಸಣ್ಣ ವಿಷಯ ಅನ್ನಿಸಬಹುದು ಆದರೆ ಕೈ ಎತ್ತಿದಷ್ಟೂ ಹೊಲಿಗೆ ಹಾಕಿದ ಸ್ನಾಯುವಿಗೆ ಕೆಲಸ ಜಾಸ್ತಿ.

ಆಮೇಲೆ ಕ್ರಮ. ಮೊದಲು ಖಾಲಿ ಕೋವಿಯನ್ನು ಕನ್ನಡಿ ಮುಂದೆ ಆನಿಸುವ ಅಭ್ಯಾಸ. ನಂತರ ಒದೆತ ತುಂಬ ಕಡಿಮೆ ಇರುವ .22 ರೈಫಲ್, ಬೆಂಚಿನ ಮೇಲೆ ಇಟ್ಟು. ಅದಾದ ಮೇಲೆ 12 ಬೋರಿನಲ್ಲಿ 28 ಗ್ರಾಂ ಬಿಟ್ಟು 21 ಗ್ರಾಂ ತೋಟಾ (ಇದು ಒಳಗಿನ ಚರೆಯ ತೂಕ, ಕಡಿಮೆಯಾದಷ್ಟೂ ಒದೆತ ಕಡಿಮೆ), ಕೊನೆಗೆ 24 ಗ್ರಾಂ. ಸೆಮಿ ಆಟೋ (ಹೊಡೆದ ಮೇಲೆ ಮುಂದಿನ ತೋಟಾ ತಾನೇ ಲೋಡ್ ಆಗುವ ಕೋವಿ) ಇದ್ದವರು ಗಮನಿಸಿ, 21 ಗ್ರಾಂ ಕೆಲವು ಕೋವಿಗಳಲ್ಲಿ ಸರಿಯಾಗಿ ಲೋಡ್ ಆಗಲ್ಲ. ಮರುದಿನ ಬೆಳಗ್ಗೆಯೂ ನೋವು ಉಳಿದಿದ್ದರೆ ಒಂದು ಹಂತ ಹಿಂದಕ್ಕೆ ಹೋಗಿ.