ನಮ್ಮ ಜಿಲ್ಲೆ ಜೈಲಿಗೆ ಇನ್ನೆಷ್ಟು ಜಾಗ ಬೇಕು? ಲೆಕ್ಕ ಹಾಕೋದು ಹೀಗೆ

ಜೈಲು ತುಂಬಿ ತುಳುಕ್ತಿದೆ ಅಂದ ತಕ್ಷಣ ಬರೋ ಮಾತು ಒಂದೇ, ಊರಾಚೆ ಜಾಗ ನೋಡಿ ಹೊಸದು ಕಟ್ಟಿಸಿ ಅಂತ. ಕಟ್ಟಬೇಕಾಗುತ್ತೋ ಏನೋ, ಆದ್ರೆ ಎಷ್ಟು ದೊಡ್ಡದು ಅಂತ ಕೇಳಿ ನೋಡಿ, ಅಂದಾಜು ಬಿಟ್ರೆ ಬೇರೆ ಉತ್ತರ ಸಿಗೋದು ಕಷ್ಟ. 2022ರ ಕೊನೆಗೆ ದೇಶದಲ್ಲಿ 4,36,266 ಜನರ ಜಾಗದಲ್ಲಿ 5,73,220 ಜನ ಇದ್ರು, ಅದ್ರಲ್ಲಿ ನಾಲ್ಕಕ್ಕೆ ಮೂರು ಪಾಲು ಇನ್ನೂ ಕೇಸೇ ಮುಗಿಯದ ವಿಚಾರಣಾಧೀನ ಕೈದಿಗಳು. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲಾ ಕಾರಾಗೃಹದ ಲೆಕ್ಕ ಶುರು ಮಾಡಬೇಕಾದ್ದು ಇವರಿಂದಲೇ.

ಮೊದಲು ಈಗಿರೋ ಜಾಗ ಅಳೀರಿ. ಬೋರ್ಡಲ್ಲಿ ಬರೆದಿರೋ ಸಂಖ್ಯೆ ನಂಬಬೇಡಿ. 2016ರ ಮಾದರಿ ಕಾರಾಗೃಹ ಕೈಪಿಡಿ ಪ್ರಕಾರ ಬ್ಯಾರಕ್‌ನಲ್ಲಿ ಒಬ್ಬರಿಗೆ 3.71 ಚದರ ಮೀಟರ್, ಅಂದ್ರೆ ಹತ್ರ ಹತ್ರ 40 ಚದರಡಿ ಬೇಕು. 800 ಚದರಡಿ ಬ್ಯಾರಕ್ ಅಂದ್ರೆ 20 ಜನ ಅಷ್ಟೇ. ಅಲ್ಲಿ 35 ಜನ ಮಲಗಿದ್ರೆ ತಲೆಗೆ 23 ಚದರಡಿನೂ ಬರಲ್ಲ, ರಾತ್ರಿ ಒಬ್ಬ ಮಗ್ಗುಲು ಬದಲಿಸಿದ್ರೆ ಪಕ್ಕದವನಿಗೂ ಎಚ್ಚರ ಆಗುತ್ತೆ. ಹೆಂಗಸರ ವಿಭಾಗ ಬೇರೇನೇ ಲೆಕ್ಕ ಹಾಕಿ, ಅಲ್ಲಿ ಖಾಲಿ ಇದೆ ಅಂತ ಗಂಡಸರನ್ನ ಹಾಕೋಕಾಗಲ್ಲ.

ಆಮೇಲೆ ಅಂಕಿಅಂಶ ತರಿಸ್ಕೊಳ್ಳಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ಕೇಳಬೇಕಾದ್ದು ಐದು ವರ್ಷದ್ದು, ತಿಂಗಳವಾರು: ಎಷ್ಟು ಜನ ಒಳಗೆ ಬಂದ್ರು, ಎಷ್ಟು ಜನ ಹೊರಗೆ ಹೋದ್ರು, ಹೋದವರು ಒಳಗಿದ್ದದ್ದು ಎಷ್ಟು ದಿನ. ಹೆಸರು ಕೇಳಬೇಡಿ, ಬೇಕಾಗೂ ಇಲ್ಲ.

ಈಗ ಗುಣಾಕಾರ. ದಿನಕ್ಕೆ ಬರೋರ ಸಂಖ್ಯೆಯನ್ನ ಸರಾಸರಿ ಇರೋ ದಿನಗಳಿಂದ ಗುಣಿಸಿದ್ರೆ ಜೈಲಲ್ಲಿ ಯಾವಾಗ್ಲೂ ಇರೋ ಜನ ಸಿಗ್ತಾರೆ. ದಿನಕ್ಕೆ 4 ಜನ ಬಂದು ತಲಾ 75 ದಿನ ಇದ್ರೆ 300 ಜನ (ಇದು ಬರೀ ಉದಾಹರಣೆ, ಯಾವ ಜೈಲಿನ ಲೆಕ್ಕಾನೂ ಅಲ್ಲ). ಅದೇ 75 ದಿನ 60ಕ್ಕೆ ಇಳಿದ್ರೆ 240. ಒಂದು ಇಟ್ಟಿಗೆ ಇಡದೆ 60 ಜನರ ಜಾಗ ಸಿಕ್ತು ನೋಡಿ! ಇದನ್ನ ನೋಡದೆ ಹೊಸ ಬ್ಯಾರಕ್ ಕಟ್ಟೋದು ತೂಬು ಕಟ್ಕೊಂಡಿರೋ ಕೆರೆಗೆ ಏರಿ ಎತ್ತರಿಸಿದ ಹಾಗೆ. ಸರಾಸರಿ ಮೋಸಾನೂ ಮಾಡುತ್ತೆ, ಹುಷಾರು: ಒಬ್ಬ ಮೂರು ವರ್ಷ ಒಳಗೆ ಕೂತ್ರೆ 1,095 ದಿನ, ಹತ್ತೇ ದಿನಕ್ಕೆ ಬೇಲ್ ಸಿಕ್ಕಿ ಹೋದ 109 ಜನರನ್ನ ಸೇರಿಸಿದ್ರೂ ಅಷ್ಟಾಗಲ್ಲ. ಹಾಗಾಗಿ ತುಂಬಾ ದಿನದಿಂದ ಇರೋರ ಪಟ್ಟಿ ಬೇರೆ ಮಾಡಿ.

ಆ ಪಟ್ಟಿಯಲ್ಲಿ ಯಾರು ಕಾನೂನಿನ ಪ್ರಕಾರವೇ ಹೊರಗೆ ಬರಬಹುದು ಅಂತ ನೋಡೋದು ಮುಂದಿನ ಕೆಲಸ. 2024ರ ಜುಲೈ 1ಕ್ಕೆ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಸೆಕ್ಷನ್ ಪ್ರಕಾರ ಹಿಂದೆ ಯಾವತ್ತೂ ಶಿಕ್ಷೆ ಆಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಉಳಿದವರು ಅರ್ಧ ಕಳೆದಿದ್ರೆ ಜಾಮೀನಿಗೆ ಅರ್ಹರು. ಸಾದಾ ಕಳ್ಳತನಕ್ಕೆ ಗರಿಷ್ಠ 3 ವರ್ಷ, ಅಂದ್ರೆ ಮೊದಲ ಸಲದವನಿಗೆ 1 ವರ್ಷ. ಮರಣದಂಡನೆ, ಜೀವಾವಧಿ ಕೇಸಿಗೆ ಇದು ಬರಲ್ಲ, ಮೈಮೇಲೆ ಒಂದಕ್ಕಿಂತ ಹೆಚ್ಚು ಕೇಸ್ ಇದ್ರೂ ಬರಲ್ಲ. ಕೋರ್ಟಿಗೆ ಅರ್ಜಿ ಹಾಕಬೇಕಾದ್ದು ಜೈಲ್ ಸೂಪರಿಂಟೆಂಡೆಂಟ್, ಕೈದಿ ವಕೀಲರನ್ನ ಹುಡುಕ್ಕೊಂಡು ಅಲೀಬೇಕಾಗಿಲ್ಲ.

ನನ್ನ ಪ್ರಕಾರ ಮಲೆನಾಡಲ್ಲಿ ದೊಡ್ಡ ಕಗ್ಗಂಟು ಇರೋದು ಬೇಲ್ ಸಿಕ್ಕಿದ ಮೇಲೆ. ಮೂಡಿಗೆರೆ, ಸಕಲೇಶಪುರ ಕಡೆ ಎಸ್ಟೇಟ್ ಲೈನ್ ಮನೆಯಲ್ಲಿರೋ ಹೊರರಾಜ್ಯದ ಹುಡುಗ ಒಬ್ಬ ಜಗಳದ ಕೇಸಲ್ಲಿ ಒಳಗೆ ಹೋದ ಅಂದ್ಕೊಳ್ಳಿ, ಕೋರ್ಟು ಬೇಲೇನೋ ಕೊಡ್ತು, ಶೂರಿಟಿ ತನ್ನಿ ಅಂತು, ಪಹಣಿ ಹಿಡ್ಕೊಂಡು ಅವನಿಗೋಸ್ಕರ ಬಂದು ಸಹಿ ಹಾಕೋರು ಯಾರು? ಆದೇಶ ಫೈಲಲ್ಲಿ, ಅವನು ಬ್ಯಾರಕ್‌ನಲ್ಲಿ. ಇದಕ್ಕೇ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಬೇಲ್ ಸಿಕ್ಕಿ 7 ದಿನದಲ್ಲಿ ಬಿಡುಗಡೆ ಆಗದಿದ್ರೆ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು, ಒಂದು ತಿಂಗಳಾದ್ರೂ ಶೂರಿಟಿ ಸಿಗದಿದ್ರೆ ಷರತ್ತು ಸಡಿಲಿಸೋದನ್ನ ಕೋರ್ಟು ಪರಿಶೀಲಿಸಬಹುದು. ಬಡ ಕೈದಿಗಳಿಗೆ ಜಾಮೀನು ಮೊತ್ತಕ್ಕೆ ದುಡ್ಡು ಕೊಡೋ ಕೇಂದ್ರದ ಯೋಜನೇನೂ ಇದೆ. ನಿಮ್ಮ ಪಟ್ಟಿಯಲ್ಲಿ ಇಂಥವರು ಎಷ್ಟಿದ್ದಾರೆ ಅಂತ ಬೇರೆ ಕಾಲಂ ಹಾಕಿ.

ಇವೆಲ್ಲ ಕಳೆದು ಉಳಿದದ್ದೇ ನಿಜವಾದ ಬೇಡಿಕೆ. ಅದನ್ನ ಐದು ವರ್ಷದ ಏರಿಳಿತದ ಜೊತೆ ಇಟ್ಟು ಹತ್ತು ವರ್ಷ ಮುಂದಕ್ಕೆ ಎಳೀರಿ, ಸರಾಸರಿ ಅಲ್ಲ, ಅತಿ ಹೆಚ್ಚು ತುಂಬಿದ ತಿಂಗಳನ್ನ ಅಳತೆಗೋಲು ಮಾಡ್ಕೊಳ್ಳಿ, ಹತ್ತರಲ್ಲೊಂದು ಪಾಲು ಖಾಲಿ ಬಿಡಿ, ಕಾಯಿಲೆಯವರನ್ನ ಬೇರೆ ಇಡೋಕಾದ್ರೂ ಬೇಕಲ್ಲ. ಆಗಲೂ ಜಾಗ ಸಾಲದಿದ್ರೆ ಕಟ್ಟಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಊರಿಂದ ದೂರ ಕಟ್ಟಿದ್ರೆ ಪ್ರತಿ ವಾಯಿದೆಗೂ ವ್ಯಾನು, ಎಸ್ಕಾರ್ಟ್ ಪೊಲೀಸು ಬೇಕು. ವಾರ್ಡರ್ ಹುದ್ದೆ ಮಂಜೂರು ಮಾಡಿಸದೆ ಟೇಪ್ ಕತ್ತರಿಸಿದ್ರೆ ಬೀಗ ತೆಗೆಯೋಕೂ ಜನ ಇರಲ್ಲ.

ಲೆಕ್ಕ ಮುಗೀತಾ? ಒಂದು ಪ್ರತಿ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರಾಗಿರೋ ವಿಚಾರಣಾಧೀನ ಕೈದಿಗಳ ಪರಿಶೀಲನಾ ಸಮಿತಿಗೆ ಕೊಡಿ, ಡಿಸಿ, ಎಸ್‌ಪಿ ಇಬ್ಬರೂ ಅಲ್ಲೇ ಸಿಗ್ತಾರೆ. ನಿಮ್ಮವರೇ ಯಾರಾದ್ರೂ ಒಳಗಿದ್ರೆ ಈ ಲೆಕ್ಕಕ್ಕೆಲ್ಲ ಕಾಯಬೇಡಿ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಬಂಧನದಲ್ಲಿರೋರಿಗೆ ವಕೀಲರು ಉಚಿತ.