ಮಾವಿನ ಸೀಸನ್‌ಗೆ ಮುಂಚೆ ವೆಬ್‌ಸೈಟ್‌ಗೊಂದು ಕಾವಲು

ಶ್ರೀನಿವಾಸಪುರದ ನಮ್ಮ ತೋಟದ ಬಾದಾಮಿ, ಮಲ್ಲಿಕಾ ಹಣ್ಣನ್ನು ವೆಬ್‌ಸೈಟ್‌ನಲ್ಲೂ ಮಾರುತ್ತೇವೆ. ಹೋದ ಸೀಸನ್‌ನಲ್ಲಿ ಅದಕ್ಕೆ ವೆಬ್ ಫೈರ್‌ವಾಲ್ ಹಾಕಿ, ಮೊದಲ ದಿನವೇ ಎಲ್ಲ ಬಿಗಿ ಮಾಡಿಬಿಟ್ಟೆ. ಕನ್ನಡದಲ್ಲಿ ವಿಳಾಸ ಬರೆದವರಿಗೆಲ್ಲ 403 ಬಂತು. ಅಂದರೆ ‘ಒಳಗೆ ಬರಬೇಡಿ’ ಅಂತ. ಹಣ್ಣು ಕೇಳಲು ಬಂದವರನ್ನು ನಾನೇ ವಾಪಸ್ ಕಳಿಸಿದ್ದೆ. ನಿಮಗೆ ಹಾಗಾಗಬಾರದು.

ಕೋಲಾರದ ಟೊಮೆಟೊ ಮಂಡಿಯನ್ನು ನೆನಪಿಸಿಕೊಳ್ಳಿ. ಗೇಟಿನಲ್ಲಿ ಗಾಡಿ ನಂಬರ್ ನೋಡಿ ಬಿಡುವುದು ಮಾಮೂಲಿ ಫೈರ್‌ವಾಲ್. ಬಾಕ್ಸ್ ತೆರೆದು ಒಳಗಿನ ಹಣ್ಣು ನೋಡುವುದು ವೆಬ್ ಫೈರ್‌ವಾಲ್. ಫಾರಂನಲ್ಲಿ ಯಾರು ಏನು ಬರೆದು ಕಳಿಸಿದ್ದಾರೆ ಎಂದು ಅದು ಓದುತ್ತದೆ.

ಉಬುಂಟು (ಆಪರೇಟಿಂಗ್ ಸಿಸ್ಟಂ), ಅಪಾಚೆ (ಪುಟಗಳನ್ನು ಕಳಿಸುವ ಸಾಫ್ಟ್‌ವೇರ್) ಇರುವ ಸರ್ವರ್‌ಗೆ ಮಾಡ್‌ಸೆಕ್ಯುರಿಟಿ ಎಂಬ ವೆಬ್ ಫೈರ್‌ವಾಲ್ ಮತ್ತು ಅದು ಪಾಲಿಸುವ ನಿಯಮಗಳ ಪಟ್ಟಿಯಾದ ಓವಾಸ್ಪ್ ಕೋರ್ ರೂಲ್ ಸೆಟ್ ಸಾಕು. ಎರಡೂ ಉಚಿತ. ಇನ್‌ಸ್ಟಾಲ್ ಆದಮೇಲೆ ಸೆಟ್ಟಿಂಗ್ ಫೈಲ್‌ನ ಹೆಸರಿನ ಕೊನೆಯಲ್ಲಿ ‘ರೆಕಮೆಂಡೆಡ್’ ಎಂದಿರುತ್ತದೆ. ಹೆಸರಿನಿಂದ ಆ ಪದವನ್ನು ತೆಗೆದುಹಾಕಿ, ಅಪಾಚೆ ರೀಸ್ಟಾರ್ಟ್ ಮಾಡಿ. ಹೆಸರು ಬದಲಿಸದಿದ್ದರೆ ಆ ಫೈಲನ್ನು ಅಪಾಚೆ ಓದುವುದೇ ಇಲ್ಲ.

ಆ ಫೈಲ್‌ನಲ್ಲಿ ‘ಸೆಕ್‌ರೂಲ್‌ಎಂಜಿನ್’ ಎಂಬ ಸಾಲಿದೆ. ಅದು ಮೊದಲು ‘ಡಿಟೆಕ್ಷನ್‌ಓನ್ಲಿ’ ಎಂದಿರುತ್ತದೆ. ಹಾಗೇ ಬಿಡಿ. ಯಾರನ್ನೂ ತಡೆಯದೆ, ಅನುಮಾನ ಬಂದದ್ದನ್ನು ಲಾಗ್‌ನಲ್ಲಿ, ಅಂದರೆ ದಾಖಲೆ ಫೈಲ್‌ನಲ್ಲಿ, ಬರೆದಿಡುತ್ತದೆ ಅಷ್ಟೇ. ಎರಡು ವಾರವಾದರೂ ಹೀಗೇ ಇರಲಿ. ಮನೆಯವರಿಂದ, ಸ್ನೇಹಿತರಿಂದ ನಿಜವಾದ ಆರ್ಡರ್‌ಗಳನ್ನೇ ಹಾಕಿಸಿ, ಕನ್ನಡದಲ್ಲೂ ಹಾಕಿಸಿ.

ಈಗ ಲಾಗ್ ಓದುವ ಕೆಲಸ. ಜಾಸ್ತಿ ಸಮಯ ಇಲ್ಲಿ ಕೊಡಿ. ಪ್ರತಿ ನಿಯಮಕ್ಕೂ ಒಂದು ನಂಬರ್ ಇದೆ. 941ರಿಂದ ಶುರುವಾದರೆ ಪುಟಕ್ಕೆ ಸ್ಕ್ರಿಪ್ಟ್ (ಕಳ್ಳ ಕೋಡ್) ತುರುಕುವ ಪ್ರಯತ್ನದ ಅನುಮಾನ. 942 ಅಂದರೆ ಡೇಟಾಬೇಸ್‌ಗೆ ಕೈಹಾಕುವ ಅನುಮಾನ. ನಿಯಮ ಮುರಿದಾಗಲೆಲ್ಲ ಅಂಕ ಸೇರುತ್ತಾ ಹೋಗುತ್ತದೆ. ಗಂಭೀರ ತಪ್ಪು ಒಂದಕ್ಕೆ 5 ಅಂಕ. ಒಟ್ಟು 5 ಆದರೆ ಬಾಗಿಲು ಮುಚ್ಚಿತು. ಆ ಒಟ್ಟು ಲೆಕ್ಕ ನೋಡುವ ನಿಯಮ 949110. ಲಾಗ್‌ನಲ್ಲಿ ಪದೇಪದೇ ಕಾಣುತ್ತದೆ ಅಂತ ಅದನ್ನು ತೆಗೆಯಲು ಹೋಗಬೇಡಿ. ತೆಗೆದರೆ ಬಂದ ಕೋರಿಕೆಯನ್ನು ತಡೆಯುವವರೇ ಇರುವುದಿಲ್ಲ. ಅಂಕ ಕೊಟ್ಟ ನಿಯಮ ಅದರ ಮೇಲಿನ ಸಾಲುಗಳಲ್ಲಿದೆ, ಅಲ್ಲಿ ಹುಡುಕಿ.

ಸರಿಯಾದ ಆರ್ಡರ್‌ಗೂ ಅಂಕ ಬಿದ್ದಿದೆಯಾ? ಆ ಒಂದು ನಿಯಮಕ್ಕೆ, ಆ ಒಂದು ಕಾಲಂನಲ್ಲಿ ಮಾತ್ರ ವಿನಾಯಿತಿ ಕೊಡಿ. ಉದಾಹರಣೆಗೆ, 942100 ನಿಯಮ ‘ವಿಳಾಸ’ ಕಾಲಂ ನೋಡದಂತೆ ಬರೆಯಬಹುದು. ಇಡೀ ನಿಯಮ ತೆಗೆದರೆ ಪಾಸ್‌ವರ್ಡ್ ಕಾಲಂಗೂ ಕಾವಲು ಹೋಗುತ್ತದೆ, ಅಲ್ವಾ?

‘ಪ್ಯಾರನೋಯಿಯಾ ಲೆವೆಲ್’ ಅಂತ 1ರಿಂದ 4ರವರೆಗೆ ಬಿಗಿಯ ಮಟ್ಟಗಳಿವೆ. ನಾನು ಎಡವಿದ್ದು ಇಲ್ಲೇ. ಮೇಲಿನದೇ ಒಳ್ಳೆಯದು ಅಂದುಕೊಂಡು 3 ಇಟ್ಟೆ. ಆ ಮಟ್ಟದಲ್ಲಿ 920272 ನಿಯಮ ಎದ್ದು ಕೂರುತ್ತದೆ. ಸಾದಾ ಇಂಗ್ಲಿಷ್ ಕೀಬೋರ್ಡಿನ ಅಕ್ಷರಗಳಾಚೆಗಿನದೆಲ್ಲ ಅದಕ್ಕೆ ತಪ್ಪು. ಅದರ ಕಣ್ಣಿಗೆ ನಮ್ಮ ‘ಅ’ ಕೂಡ ದಾಳಿಯೇ. ಕನ್ನಡ ಸೈಟ್‌ಗೆ ಮಟ್ಟ 1ರಿಂದಲೇ ಶುರುಮಾಡಿ.

ಲಾಗ್ ಶಾಂತವಾದ ಮೇಲೆ ‘ಡಿಟೆಕ್ಷನ್‌ಓನ್ಲಿ’ ಜಾಗದಲ್ಲಿ ‘ಆನ್’ ಬರೆದು ಮತ್ತೆ ರೀಸ್ಟಾರ್ಟ್ ಮಾಡಿ. ನಿಮ್ಮದೇ ಸೈಟ್‌ನ ಹುಡುಕುವ ಜಾಗದಲ್ಲಿ ಒಂದು ಸ್ಕ್ರಿಪ್ಟ್ ಟ್ಯಾಗ್ (<script>) ಹಾಕಿ ನೋಡಿ. 403 ಬರಬೇಕು. ಆಮೇಲೆ ಕನ್ನಡದಲ್ಲಿ ಒಂದು ಆರ್ಡರ್ ಹಾಕಿ. ಅದು ಸಲೀಸಾಗಿ ಹೋಗಬೇಕು.

ಫಾರಂಗೆ ಹೊಸ ಕಾಲಂ ಸೇರಿಸಿದಾಗ, ರೂಲ್ ಸೆಟ್ ಅಪ್‌ಡೇಟ್ ಆದಾಗ ಈ ಎರಡು ಪರೀಕ್ಷೆ ಮತ್ತೆ ಮಾಡಿ. ಮೇ ತಿಂಗಳಲ್ಲಿ ಆರ್ಡರ್ ಮುಗಿಬೀಳುವ ಹೊತ್ತಿಗೆ ಕೈಹಾಕಬೇಡಿ. ಮಾರ್ಚ್‌ನಲ್ಲೇ ಮುಗಿಸಿಕೊಳ್ಳಿ.