ಗಂಟೆಗಳ ಲೆಕ್ಕ ಬಿಟ್ಟ ಮೇಲೆ: ಆಟದ ಚಟವನ್ನು ಗುರುತಿಸಿದ ನನ್ನ ಅನುಭವ

ಮಗ ದಿನಕ್ಕೆ ಆರು ಗಂಟೆ ಮೊಬೈಲಿನಲ್ಲಿ ಆಡುತ್ತಾನೆ, ಇದು ಚಟವೇ ಎಂದು ಕೇಳುತ್ತ ಬರುವ ತಂದೆತಾಯಿಗಳಿಗೆ, ಚಿಕಿತ್ಸಾ ಮನಃಶಾಸ್ತ್ರಜ್ಞೆಯಾಗಿ ಕೆಲಸ ಆರಂಭಿಸಿದ ದಿನಗಳಲ್ಲಿ ನಾನೂ ಗಂಟೆಗಳ ಲೆಕ್ಕದಲ್ಲೇ ಉತ್ತರಿಸುತ್ತಿದ್ದೆ. ಅದು ಸಾಲದೆಂದು ನನಗೆ ಮನವರಿಕೆಯಾದದ್ದು ಒಬ್ಬ ಪಿಯುಸಿ ವಿದ್ಯಾರ್ಥಿಯಿಂದ.

ನಾನು ಬಳಸುವ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆಗಳಿವೆ. ಒಂದೊಂದಕ್ಕೂ 1ರಿಂದ 5 ಅಂಕ, ಒಟ್ಟು 9ರಿಂದ 45. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಮಾನಸಿಕ ಕಾಯಿಲೆಗಳ ಡಿಎಸ್‌ಎಂ-5 ಕೈಪಿಡಿಯಲ್ಲಿ, ಇನ್ನೂ ಹೆಚ್ಚಿನ ಅಧ್ಯಯನ ಬೇಕಾದ ಸ್ಥಿತಿಯೆಂದು ಹೇಳಿಯೇ ಪಟ್ಟಿ ಮಾಡಿದ ಒಂಬತ್ತು ಲಕ್ಷಣಗಳು ಅದರ ಆಧಾರ. ಹನ್ನೆರಡು ತಿಂಗಳಲ್ಲಿ ಐದು ಲಕ್ಷಣಗಳಾದರೂ ಕಾಣಬೇಕೆಂಬುದು ಆ ಕೈಪಿಡಿಯ ಸೂಚನೆ. ಹುಡುಗನಿಗೆ 38 ಅಂಕ ಬಂದಿತ್ತು. ಚಟವೆಂದು ಬರೆದುಬಿಡಬಹುದಿತ್ತು.

ಆದರೆ ಯಾವುದು ಮೊದಲು ಶುರುವಾಯಿತೆಂದು ತಿಂಗಳು ತಿಂಗಳಾಗಿ ಕೇಳುತ್ತ ಹೋದಾಗ, ನಿದ್ದೆ ಕೆಟ್ಟದ್ದು, ಊಟ ಸೇರದಾದದ್ದು, ಗೆಳೆಯರನ್ನು ಕಂಡರೂ ಮಾತು ಬೇಡವೆನಿಸಿದ್ದು ಎಲ್ಲವೂ ಆಟ ಹೆಚ್ಚುವುದಕ್ಕೆ ನಾಲ್ಕು ತಿಂಗಳು ಮುಂಚಿನವು ಎಂದು ತಿಳಿಯಿತು. ಮನೋವೈದ್ಯರ ಬಳಿಗೆ ಕಳುಹಿಸಿದೆ. ಅವರು ಖಿನ್ನತೆಯನ್ನು ಗುರುತಿಸಿದರು.

ಅಂದಿನಿಂದ ಅಂಕಕ್ಕಿಂತ ಒಂದೊಂದು ಉತ್ತರದ ಹಿನ್ನೆಲೆಯನ್ನು ಹೆಚ್ಚು ವಿಚಾರಿಸುತ್ತೇನೆ. ಆಟದ ಬಗ್ಗೆಯೇ ಸದಾ ಯೋಚಿಸುವುದು ಚಟವಿಲ್ಲದ ಉತ್ಸಾಹಿ ಆಟಗಾರರಲ್ಲೂ ಇರುತ್ತದೆ. ಮೊಬೈಲನ್ನೇ ಮುಟ್ಟಬಾರದೆಂಬ ಮನೆಯಲ್ಲಿ ಬೆಳೆದ ಮಗು ಆಟದ ವಿಷಯದಲ್ಲಿ ಸುಳ್ಳು ಹೇಳಿದರೆ, ಅದರಲ್ಲಿ ಚಟಕ್ಕಿಂತ ಭಯದ ಪಾಲೇ ದೊಡ್ಡದಿರಬಹುದು. ಬಿಡಬೇಕೆಂದು ತಾನೇ ನಿರ್ಧರಿಸಿ ಆಟವನ್ನು ಅಳಿಸಿ, ಅದೇ ರಾತ್ರಿ ಮತ್ತೆ ಹಾಕಿಕೊಂಡೆ ಎಂದು ಯಾರಾದರೂ ಹೇಳಿದಾಗ ಮಾತ್ರ ನಾನು ಬಹಳ ಎಚ್ಚರಗೊಳ್ಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11, 2022ರ ಜನವರಿಯಿಂದ ಜಾರಿಯಲ್ಲಿದ್ದು, ಆಟದ ಚಟವೆನ್ನಲು ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಗಳಿಗಿಂತ ಆಟವೇ ಮುಖ್ಯವಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು ಎಂಬ ಮೂರನ್ನು ಕೇಳುತ್ತದೆ. ಇವುಗಳಿಂದ ಓದು, ಸಂಬಂಧ ಅಥವಾ ಉದ್ಯೋಗ ಗಣನೀಯವಾಗಿ ಕೆಟ್ಟಿರಬೇಕು, ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ. ನನಗೆ ಈ ಮೂರೇ ಹೆಚ್ಚು ಉಪಯುಕ್ತವೆನಿಸಿವೆ. ಮೊದಲ ಭೇಟಿಯಲ್ಲಿ ಮಗುವನ್ನೂ ಹೆತ್ತವರನ್ನೂ ಬೇರೆಬೇರೆಯಾಗಿ ಕೂರಿಸಿ ಕೇಳುತ್ತೇನೆ, ಎರಡು ವಾರದ ದಿನಚರಿ ಬರೆಸುತ್ತೇನೆ, ಅಲ್ಲಿಯವರೆಗೆ ಕಡತದಲ್ಲಿ ಚಟವೆಂಬ ಪದವನ್ನು ಬರೆಯುವುದಿಲ್ಲ.

ಖಿನ್ನತೆಗೆ ಚಿಕಿತ್ಸೆ ಆರಂಭವಾದ ಆರು ತಿಂಗಳಿಗೆ ಆ ಹುಡುಗನಿಂದ ಅದೇ ಪ್ರಶ್ನಾವಳಿಯನ್ನು ಮತ್ತೆ ತುಂಬಿಸಿದಾಗ 17 ಅಂಕ ಬಂತು. ಆಟವನ್ನು ಅವನು ಬಿಟ್ಟಿರಲಿಲ್ಲ. ಭಾನುವಾರಗಳಂದು ತಮ್ಮನ ಜೊತೆ ಆಡುತ್ತಿದ್ದ.